ಬೇವಿನ ಗಿಡ ತುದಿಯಿಂದ ಒಣಗುತ್ತಿದೆ, ಕಡಿಸಬೇಕಾ ಬಿಡಬೇಕಾ?

ಗಂಗಾವತಿ ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿ ತಾಲೂಕಿನ ಒಂದು ಹಳ್ಳಿ. ಅಗಸಿ (ಊರ ಬಾಗಿಲು) ಮುಂದೆ ದೊಡ್ಡ ಬೇವಿನ ಗಿಡ ಇದೆ. ದಸರಾ ಮುಗಿದ ಮೇಲೆ ತುದಿ ಕೊಂಬೆಗಳು ಕಂದು ಬಣ್ಣಕ್ಕೆ ತಿರುಗಿದವು, ಈಗ ಸಂಕ್ರಾಂತಿ ಹೊತ್ತಿಗೆ ಇಡೀ ಗಿಡ ಸುಟ್ಟು ಹೋದಂತೆ ಕಾಣುತ್ತಿದೆ. ಇದೊಂದೇ ಅಲ್ಲ, ಕಾರಟಗಿ ಕಡೆ ಹೋಗುವ ರಸ್ತೆ ಉದ್ದಕ್ಕೂ ಇದೇ ಕಥೆ. ಪಂಚಾಯ್ತಿಯಲ್ಲಿ "ಸತ್ತ ಗಿಡ, ನಾಳೆ ಯಾರ ಮೇಲಾದರೂ ಬಿದ್ದರೆ ಕಷ್ಟ, ಕಡಿಸಿ ಹರಾಜು ಹಾಕೋಣ" ಅಂತಿದ್ದಾರೆ. ಇನ್ನೊಬ್ಬ ಬೈಕಿನಲ್ಲಿ ಬಂದು, ಕಾಂಡಕ್ಕೆ ಡ್ರಿಲ್ ಹಾಕಿ ಔಷಧಿ ತುಂಬುತ್ತೇನೆ, ಗಿಡಕ್ಕೆ ಮೂರು ಸಾವಿರ ಕೊಡಿ ಎಂದ. ಊರಲ್ಲಿ ಅರ್ಧ ಜನ ಮೊಬೈಲ್ ಟವರ್‌ನಿಂದ ಹೀಗಾಗಿದೆ ಅಂತಾರೆ, ಇನ್ನರ್ಧ ಜನ ಅಮ್ಮ ಮುನಿದಿದ್ದಾಳೆ ಅಂತಾರೆ. ಸರಿಯಾಗಿ ಗೊತ್ತಿರುವವರು ಹೇಳಿ. ಕಡಿಸಬೇಕಾ ಬಿಡಬೇಕಾ?

ಮಸಾರಿ ಹೊಲ (ಕುಷ್ಟಗಿ)
ಕಡಿಸಬೇಡ ತಮ್ಮಾ. ನಮ್ಮ ಬದುವಿನ ಬೇವುಗಳು ಹೋದ ವರ್ಷವೂ ಹೀಗೇ ಒಣಗಿದ್ದವು, ಯುಗಾದಿ ಮುಗಿಯುವುದರೊಳಗೆ ಚಿಗುರಿದವು. ಈ ವರ್ಷ ಮತ್ತೆ ಒಣಗಿವೆ. ಮತ್ತೆ ಚಿಗುರುತ್ತವೆ ಅಂತ ಸುಮ್ನೆ ಇದ್ದೀನಿ. ಯಾಕೆ ಹೀಗೆ ಅಂತ ಓದಿದವರು ಹೇಳಲಿ.

ಬಿಸಿಲೂರು ಬಳ್ಳಾರಿ
ನಮ್ಮ ಕಡೆಯೂ ಇದೇ. ಟವರ್ ಕಥೆಯೂ ಇದೆ. ನಮ್ಮ ಓಣಿಯಲ್ಲಿ ಟವರ್ ಬುಡದಲ್ಲೇ ಒಂದು ಹುಣಸೆ ಗಿಡ ಹಚ್ಚಗೆ ನಿಂತಿದೆ. ಅದಕ್ಕೆ ಮಾತ್ರ ರೇಡಿಯೇಷನ್ ತಾಕಲ್ವಾ?

ಕೃಷಿ ಓದಿದವ (ರಾಯಚೂರು)
ಟವರ್ ಬಿಡಿ. ಇದು ಒಂದು ಶಿಲೀಂಧ್ರದ ರೋಗ. ಅದರ ಹೆಸರು ಫೊಮಾಪ್ಸಿಸ್ ಅಜಾಡಿರಾಕ್ಟೆ. ಹೊಸದೇನಲ್ಲ, 1997ರಲ್ಲೇ ನಮ್ಮ ಕರ್ನಾಟಕದ ಸಂಶೋಧಕರು ಇದನ್ನು ಹೊಸ ಜಾತಿ ಎಂದು ಗುರುತಿಸಿ ಹೆಸರಿಟ್ಟಿದ್ದಾರೆ. ರೋಗಕ್ಕೆ ಡೈಬ್ಯಾಕ್ ಅಂತಾರೆ, ತುದಿಯಿಂದ ಕೆಳಗೆ ಒಣಗುತ್ತಾ ಬರುವುದು. 2021ರ ಮಳೆಗಾಲದ ಕೊನೆಗೆ ತೆಲಂಗಾಣದಲ್ಲಿ ದೊಡ್ಡ ಮಟ್ಟದಲ್ಲಿ ಕಾಣಿಸಿಕೊಂಡಾಗ ಊರೂರಲ್ಲಿ ಜನ ಹೆದರಿದ್ದರು. ಮಾರನೇ ಬೇಸಿಗೆಗೆ ಅಲ್ಲಿನ ಬಹಳಷ್ಟು ಗಿಡಗಳು ಚಿಗುರಿದವು.

ಶಿಲೀಂಧ್ರದ ಜೊತೆ ಇನ್ನೊಬ್ಬ ಕಳ್ಳ ಇದ್ದಾನೆ, ಟೀ ಸೊಳ್ಳೆ. ಹೆಸರಿಗೆ ಸೊಳ್ಳೆ, ನಿಜಕ್ಕೂ ತಿಗಣೆ ಜಾತಿಯ ಹುಳ. ಕರಾವಳಿಯಲ್ಲಿ ಗೋಡಂಬಿ ಬೆಳೆಯುವವರಿಗೆ ಇದರ ಕಾಟ ಚೆನ್ನಾಗಿ ಗೊತ್ತು. ಮುಂಗಾರಿಗೆ ಬೇವು ಚಿಗುರು ಬಿಡುತ್ತದಲ್ಲ, ಆ ಎಳೆ ಕಡ್ಡಿಗೆ ಸೂಜಿ ಬಾಯಿ ಚುಚ್ಚಿ ರಸ ಹೀರುತ್ತದೆ. ಅದರ ಜೊಲ್ಲೇ ವಿಷ. ಚುಚ್ಚಿದ ಜಾಗ ಕಪ್ಪಾಗುತ್ತದೆ, ಅಂಟು ಹನಿಯುತ್ತದೆ, ಕುಡಿ ಬಾಡಿ ಬಗ್ಗುತ್ತದೆ. ಆ ಗಾಯದಲ್ಲಿ ಶಿಲೀಂಧ್ರ ಒಳಗೆ ಹೋಗುತ್ತದೆ. ಮಳೆ ಹನಿ ಸಿಡಿದು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಹರಡುತ್ತದೆ. ಆಗಸ್ಟ್‌ನಲ್ಲಿ ಶುರುವಾದದ್ದು ಡಿಸೆಂಬರ್‌ವರೆಗೂ ಏರುತ್ತದೆ, ಚಳಿ ಕಳೆದ ಮೇಲೆ ನಿಲ್ಲುತ್ತದೆ.

ಈಗ ನೀವು ಮಾಡಬೇಕಾದ್ದು ಇಷ್ಟೇ. ಒಂದು ಚಾಕು ತಗೊಳ್ಳಿ. ತುದಿಯ ಸಣ್ಣ ಕಡ್ಡಿಯ ಸಿಪ್ಪೆ ಉಗುರಿನಷ್ಟು ಕೆರೆಯಿರಿ. ಒಳಗೆ ಕಂದು, ಒಣಗಿ ಪುಡಿಪುಡಿ. ಅದು ಸತ್ತಿದೆ. ಸ್ವಲ್ಪ ಕೆಳಗೆ ಬನ್ನಿ, ಹೆಬ್ಬೆರಳು ದಪ್ಪದ ಕೊಂಬೆಯಲ್ಲಿ ಕೆರೆಯಿರಿ. ಆಮೇಲೆ ತೋಳು ದಪ್ಪದ್ದರಲ್ಲಿ. ಎಲ್ಲೋ ಒಂದು ಕಡೆ ಸಿಪ್ಪೆಯ ಕೆಳಗೆ ಹಸಿ ಹಸಿರು ಪದರ ಸಿಗುತ್ತದೆ, ಮುಟ್ಟಿದರೆ ತೇವ ಇರುತ್ತದೆ, ಕಹಿ ವಾಸನೆ ಬರುತ್ತದೆ. ಅಲ್ಲಿಂದ ಕೆಳಗೆ ಗಿಡ ಜೀವಂತ ಇದೆ ಅಂತ ಅರ್ಥ. ಕಾಂಡದ ಬುಡದಲ್ಲಿ ನಾಲ್ಕೂ ದಿಕ್ಕಿಗೆ ಕೆರೆದರೂ ಹಸಿರೇ ಇಲ್ಲ ಅಂದರೆ ಮಾತ್ರ ಕೊಡಲಿ ಬಗ್ಗೆ ಯೋಚನೆ ಮಾಡಿ.

ಗಂಗಾವತಿ ಹುಡುಗ
ಸರ್, ಈಗಲೇ ಹೋಗಿ ಕೆರೆದು ನೋಡಿ ಬಂದೆ. ತೋಳು ದಪ್ಪದ ಕೊಂಬೆಗಳಲ್ಲಿ ಎಲ್ಲಾ ಕಡೆ ಹಸಿರು ಇದೆ. ಡ್ರಿಲ್ಲಿನವನಿಗೆ ಏನು ಹೇಳಲಿ?

ಕೃಷಿ ಓದಿದವ (ರಾಯಚೂರು)
ಮೂರು ಸಾವಿರ ಉಳಿಸಿಕೊಳ್ಳಿ. ಡ್ರಿಲ್ ಹಾಕಿದ ತೂತೇ ಹೊಸ ಗಾಯ, ಅದರಲ್ಲಿ ಇನ್ನೊಂದು ಕೊಳೆ ರೋಗ ಬಂದು ಸೇರುತ್ತದೆ. ಒಳಗೆ ಏನು ತುಂಬುತ್ತಾನೆ ಅಂತ ಅವನಿಗೂ ಗೊತ್ತಿರುವುದಿಲ್ಲ. ಕಾರ್ಬೆಂಡಜಿಮ್ ತರದ ಶಿಲೀಂಧ್ರನಾಶಕ ನರ್ಸರಿ ಸಸಿಗೆ, ಆಳೆತ್ತರದ ಗಿಡಕ್ಕೆ ಸರಿ. 40 ಅಡಿ ಗಿಡದ ತುದಿಗೆ ಹೊಡೆಯುವುದು ಆಗದ ಮಾತು, ಹೊಡೆದರೂ ಕೆಳಗೆ ಆಡು ಮೇಯುತ್ತವೆ, ಮೇಲೆ ಜೇನು ಇರುತ್ತದೆ. ಏಣಿಗೆ ಎಟುಕುವ ಒಣ ಕೊಂಬೆಗಳನ್ನು ಹಸಿರು ಸಿಗುವ ಜಾಗದಿಂದ ಅರ್ಧ ಅಡಿ ಕೆಳಗೆ ಗರಗಸದಲ್ಲಿ ಕತ್ತರಿಸಿ. ದಪ್ಪ ಕೊಂಬೆ ಕತ್ತರಿಸಿದ ಕಡೆ ಬೋರ್ಡೋ ಪೇಸ್ಟ್ (ಮೈಲುತುತ್ತ, ಸುಣ್ಣ ಕಲಸಿದ್ದು) ಬಳಿಯಿರಿ. ಕತ್ತರಿಸಿದ್ದನ್ನು ಗಿಡದ ಬುಡದಲ್ಲೇ ಗುಡ್ಡೆ ಹಾಕಬೇಡಿ, ದೂರ ಒಯ್ದು ಸುಡಿ. ಇದನ್ನು ಒಣ ಹವೆ ಇರುವಾಗಲೇ ಮುಗಿಸಿ. ಮಳೆಯಲ್ಲಿ ಕತ್ತರಿಸಿದರೆ ರೋಗ ಹಂಚಿದಂತೆ.

ಪಂಚಾಯ್ತಿಯವರಿಗೂ ಒಂದು ಮಾತು. ರಸ್ತೆ ಬದಿಯ, ಊರ ಜಾಗದ ಗಿಡವನ್ನು ಮನಸ್ಸಿಗೆ ಬಂದಂತೆ ಕಡಿಯೋಕೆ ಬರುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಗೆ ಅರ್ಜಿ ಕೊಟ್ಟು ಅನುಮತಿ ತಗೋಬೇಕು.

ಹಳೇ ಮಾಸ್ತರು
ನಮ್ಮ ಕಾಲದಲ್ಲಿ ಬೇವಿಗೆ ರೋಗ ಅಂತ ಕೇಳಿದ್ದೇ ಇಲ್ಲ. ಮಕ್ಕಳಿಗೆ ಅಮ್ಮ ಆದಾಗ ಬೇವಿನ ಸೊಪ್ಪು, ಕಾಳಿನ ಕಣಜಕ್ಕೆ ಬೇವಿನ ಸೊಪ್ಪು, ಹಲ್ಲಿಗೆ ಬೇವಿನ ಕಡ್ಡಿ. ರೋಗ ಓಡಿಸುವ ಗಿಡಕ್ಕೇ ರೋಗ ಅಂದರೆ ಯಾರು ನಂಬುತ್ತಾರೆ? ಶಿಲೀಂಧ್ರ 1997ರಲ್ಲೇ ಇತ್ತು ಅಂತೀರಿ. ಹಾಗಾದರೆ ಈಗ ಯಾಕೆ ಇಷ್ಟು ಜೋರು?

ಕೃಷಿ ಓದಿದವ (ರಾಯಚೂರು)
ಒಳ್ಳೆ ಪ್ರಶ್ನೆ ಗುರುಗಳೇ. ನನ್ನ ಲೆಕ್ಕಾಚಾರ ಹೇಳುತ್ತೇನೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಬೇವು ಇದಕ್ಕೆ ಹೊಂದಿಕೊಂಡ ಗಿಡ. ಬಿಸಿಲು ಎಷ್ಟಾದರೂ ತಡೆಯುತ್ತದೆ, ನೀರು ಕಡಿಮೆಯಾದರೂ ತಡೆಯುತ್ತದೆ. ಅದಕ್ಕೆ ಆಗದ್ದು ವಾರಗಟ್ಟಲೆ ಮೋಡ, ತೇವ, ಜಿಟಿಜಿಟಿ. ಹಸ್ತ, ಚಿತ್ತಿ ಮಳೆ ಮುಗಿದ ಮೇಲೆ ಬಾನು ಬಿಚ್ಚಿಕೊಳ್ಳಬೇಕು. 2021ರಲ್ಲಿ ನವೆಂಬರ್ ಪೂರ್ತಿ ಮಳೆ ಸುರಿಯಿತು, ಕೊಯ್ಲಿಗೆ ಬಂದ ಭತ್ತ ಗದ್ದೆಯಲ್ಲೇ ಮೊಳಕೆ ಬಂತು, ನೆನಪಿದೆಯಲ್ವಾ? ಆ ತೇವ ಟೀ ಸೊಳ್ಳೆಗೂ ಬೇಕು, ಶಿಲೀಂಧ್ರಕ್ಕೂ ಬೇಕು. ಎರಡು ವರ್ಷ ಬಿಟ್ಟು 2023ರಲ್ಲಿ ರಾಜ್ಯದ 236 ತಾಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಒಂದು ವರ್ಷ ಕೊಳೆಸಿ, ಇನ್ನೊಂದು ವರ್ಷ ಒಣಗಿಸಿದರೆ ಗಿಡ ಕಾಂಡದಲ್ಲಿ, ಬೇರಲ್ಲಿ ಕೂಡಿಟ್ಟ ಆಹಾರ ಖರ್ಚಾಗುತ್ತದೆ. ಪ್ರತಿ ಸಲ ಹೊಸ ಎಲೆ ಹಾಕೋದು ಪುಕ್ಕಟೆ ಅಲ್ಲ. ಒಂದು ವರ್ಷ ಒಣಗಿದ ಗಿಡ ಸಾಯುವುದಿಲ್ಲ ಅಂತ ಧೈರ್ಯವಾಗಿ ಹೇಳಬಲ್ಲೆ. ಪ್ರತಿ ವರ್ಷ ಹೀಗೇ ಆಗುತ್ತಾ ಹೋದರೆ ಅಷ್ಟು ಧೈರ್ಯ ಇಲ್ಲ.

ಕುರಿಗಾರ (ಯಲಬುರ್ಗಾ)
ಗಿಡ ಸಾಯೋದಿಲ್ಲ ಅಂತ ಎಲ್ಲರೂ ಸಮಾಧಾನ ಮಾಡ್ಕೋತಿದ್ದೀರಿ ಅಣ್ಣಾರ, ಬೀಜದ ಮಾತು ಯಾರೂ ಎತ್ತಲಿಲ್ಲ. ಜೂನ್, ಜುಲೈನಲ್ಲಿ ನಮ್ಮ ಮನೆ ಹೆಣ್ಣುಮಕ್ಕಳು ಬೇವಿನ ಬೀಜ ಆರಿಸಿ ಮಾರುತ್ತಿದ್ದರು. ಬಿತ್ತನೆ ಖರ್ಚಿಗೆ, ಮಕ್ಕಳ ಪಾಟಿ ಪುಸ್ತಕಕ್ಕೆ ಅದೇ ದುಡ್ಡು. ತುದಿ ಒಣಗಿದ ಗಿಡದಲ್ಲಿ ಹೂವು ಎಲ್ಲಿ ಬರಬೇಕು? ಹೂವು ಬರೋದೇ ತುದಿಯಲ್ಲಿ. ಎಲೆ ಚಿಗುರುತ್ತದೆ, ನೋಡೋಕೆ ಹಸಿರು, ಕಾಯಿ ಮಾತ್ರ ಇಲ್ಲ. ಬ್ಯಾಸಿಗಿಯಲ್ಲಿ ಕುರಿ ಮಲಗಿಸೋಕೆ ನೆರಳೂ ಇಲ್ಲ, ಎಲೆ ಬರೋದು ತಡ ಆಗ್ತದೆ.

ಮಸಾರಿ ಹೊಲ (ಕುಷ್ಟಗಿ)
ನಿಜ. ಹೋದ ಯುಗಾದಿಗೆ ಬೇವು ಬೆಲ್ಲಕ್ಕೆ ಹೂವು ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಎಳೆ ಎಲೆ ಹಾಕಿ ಮುಗಿಸಿದೆವು.

ಕಾಲುವೆ ನೀರು (ಸಿಂಧನೂರು)
ಎಲ್ಲರೂ ಚಿಗುರುತ್ತೆ ಚಿಗುರುತ್ತೆ ಅಂತೀರಿ. ನಮ್ಮ ಗದ್ದೆ ಬದುವಿನ ಬೇವು ಚಿಗುರಲೇ ಇಲ್ಲ. ಯುಗಾದಿ ಆಯಿತು, ಕಾರ ಹುಣ್ಣಿಮೆ ಆಯಿತು, ಕಟ್ಟಿಗೆ ಆಗಿ ನಿಂತಿದೆ. ಒಂದಲ್ಲ, ಸಾಲಾಗಿ ಹೋದವು. ಪಕ್ಕದ ಗೊಬ್ಬಳಿ ಜಾಲಿಗೆ ಏನೂ ಆಗಿಲ್ಲ. ಈ ಶಿಲೀಂಧ್ರ ನಮ್ಮ ಕಡೆ ಬೇರೆ ತರಾನಾ?

ಕೃಷಿ ಓದಿದವ (ರಾಯಚೂರು)
ಅಣ್ಣ, ಎರಡು ಪ್ರಶ್ನೆ. ತುದಿಯಿಂದ ಒಣಗುತ್ತಾ ಬಂತಾ, ಇಲ್ಲಾ ಇಡೀ ಗಿಡದ ಎಲೆ ಮೊದಲು ಹಳದಿಯಾಗಿ ಒಟ್ಟಿಗೆ ಉದುರಿತಾ? ಬದುವಿನ ಮಣ್ಣಿನ ಮೇಲೆ ಬೇಸಿಗೆಯಲ್ಲಿ ಬಿಳಿ ಉಪ್ಪು ಏಳುತ್ತದಾ?

ಕಾಲುವೆ ನೀರು (ಸಿಂಧನೂರು)
ಒಟ್ಟಿಗೆ ಹಳದಿ ಆಯಿತು. ಉಪ್ಪು ಏಳುತ್ತದೆ, ಬಿಳೀ ಪುಡಿ ಉದುರಿಸಿದಂತೆ. ವರ್ಷಕ್ಕೆ ಎರಡು ಭತ್ತ, ಕೆಳಗಡೆ ಹೊಲ, ಮೇಲಿನವರ ನೀರೆಲ್ಲಾ ಬಸಿದು ನಮ್ಮಲ್ಲಿಗೇ ಬರುತ್ತದೆ. ಎರಡು ಅಡಿ ಗುಂಡಿ ತೆಗೆದರೆ ನೀರು.

ಕೃಷಿ ಓದಿದವ (ರಾಯಚೂರು)
ಹಾಗಾದರೆ ಇದು ಆ ರೋಗ ಅಲ್ಲ. ಸವಳು ಜವಳು ಭೂಮಿ, ಅಂದರೆ ಉಪ್ಪೇರಿ ನೀರು ನಿಂತ ನೆಲ, ಬೇರಿಗೆ ಉಸಿರೇ ಇಲ್ಲ. ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟದ್ದು 1953ರಲ್ಲಿ. ಯೋಜನೆ ಮಾಡಿದ್ದು ಜಾಸ್ತಿ ಮಟ್ಟಿಗೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಮನಸ್ಸಿನಲ್ಲಿಟ್ಟುಕೊಂಡು. ಎರೆ ಭೂಮಿಯಲ್ಲಿ ಎರಡೆರಡು ಭತ್ತ ಅಂದರೆ ನೀರು ಇಂಗೋಕೆ ಜಾಗ ಎಲ್ಲಿದೆ? ಎರೆ ಮಣ್ಣು ನೀರು ಹಿಡಿದರೆ ಬಿಡುವುದಿಲ್ಲ. ಬೇವಿನ ಬೇರು ನೀರಲ್ಲಿ ನಿಂತು ಬದುಕುವುದಿಲ್ಲ, ಕೊಳೆಯುತ್ತದೆ. ಗೊಬ್ಬಳಿ, ಹೊಂಗೆ, ಹೊಳೆ ಮತ್ತಿ ಇಂಥವು ನೀರು, ಉಪ್ಪು ಎರಡನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತವೆ. ನಿಮ್ಮ ಬದುವಿಗೆ ಮತ್ತೆ ಬೇವು ಹಚ್ಚಬೇಡಿ. ಹೊಂಗೆ ಹಚ್ಚಿ. ಬಸಿಗಾಲುವೆ ಹೂಳು ತುಂಬಿದ್ದರೆ ಮೊದಲು ಅದನ್ನು ತೆಗೆಸಿ.

ಎಲ್ಲರಿಗೂ ಹೇಳುತ್ತಿದ್ದೇನೆ, ಒಣಗಿದ ಗಿಡ ಕಂಡ ಕೂಡಲೇ ಮೇಲೆ ನೋಡುತ್ತೇವೆ, ಬುಡ ನೋಡುವುದಿಲ್ಲ. ನಾನು ನೋಡಿದ ಸತ್ತ ಗಿಡಗಳಲ್ಲಿ ಹೆಚ್ಚಿನವು ಸತ್ತದ್ದು ಬುಡದಲ್ಲಿ ಆದ ಕೆಲಸದಿಂದ.

ನರ್ಸರಿ ಅಕ್ಕ (ಲಿಂಗಸುಗೂರು)
ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ. ನಮ್ಮ ಕಡೆ ಈಗ ಹೊಸ ಖಯಾಲಿ, ಗಿಡಕ್ಕೆ ಗ್ರಾನೈಟ್ ಕಟ್ಟೆ. ಹಳೇ ಕಟ್ಟೆ ಅಂದರೆ ಕಲ್ಲು ಜೋಡಿಸಿ ಮಣ್ಣು ತುಂಬಿದ್ದು, ಸಂದಿಯಲ್ಲಿ ಗಾಳಿ ನೀರು ಎರಡೂ ಹೋಗುತ್ತಿತ್ತು. ಈಗ ಕಾಂಡಕ್ಕೆ ಅಂಟಿಕೊಂಡೇ ಕಾಂಕ್ರೀಟ್, ಅದರ ಮೇಲೆ ಇಳಕಲ್ ಕಡೆಯ ಕೆಂಪು ಗ್ರಾನೈಟ್, ಕಟ್ಟಿಸಿದವರ ಹೆಸರು. ಒಳಗೆ ಮೂರು ಅಡಿ ಮೊರಂ ತುಂಬಿರುತ್ತಾರೆ. ಗಿಡ ಉಣ್ಣುವ ಸಣ್ಣ ಬೇರುಗಳು ಇರೋದೇ ನೆಲದ ಮೇಲಿನ ಒಂದೆರಡು ಅಡಿಯಲ್ಲಿ. ಅದರ ಮೇಲೆ ಮೂರು ಅಡಿ ಹೊಸ ಮಣ್ಣು ಹೇರಿ ಸಿಮೆಂಟ್ ಬಳಿದರೆ ಉಸಿರುಗಟ್ಟುತ್ತದೆ. ಒಂದೇ ದಿನಕ್ಕೆ ಸಾಯಲ್ಲ, ನಾಲ್ಕೈದು ವರ್ಷ ತಗೊಳ್ಳುತ್ತದೆ. ಅಷ್ಟರಲ್ಲಿ ಕಟ್ಟೆ ಕಟ್ಟಿದ್ದು ಎಲ್ಲರಿಗೂ ಮರೆತಿರುತ್ತದೆ, "ಪಾಪ ವಯಸ್ಸಾಗಿತ್ತು" ಅಂತಾರೆ.

ಆಮೇಲೆ ಜೆಸಿಬಿ. ನೀರಿನ ಪೈಪಿಗೆ, ಕೇಬಲ್ಲಿಗೆ, ಚರಂಡಿಗೆ ಗಿಡದಿಂದ ಎರಡೇ ಅಡಿ ದೂರದಲ್ಲಿ ಕಾಲುವೆ ತೋಡುತ್ತಾರೆ. ಒಂದು ಬದಿಯ ಬೇರೆಲ್ಲಾ ಕಟ್. ಮೇ ತಿಂಗಳ ಗಾಳಿ ಮಳೆಗೆ ಗಿಡ ಉರುಳುತ್ತದೆ. ಪೇಪರಿನಲ್ಲಿ ಬರೋದು "ಬಿರುಗಾಳಿಗೆ ಮರ ಧರೆಗೆ" ಅಂತ. ಉರುಳಿದ ಗಿಡದ ಬುಡ ಹೋಗಿ ನೋಡಿ, ಬೇರಿನ ತುದಿ ಗರಗಸದಲ್ಲಿ ಕೊಯ್ದಂತೆ ನೇರವಾಗಿರುತ್ತದೆ.

ಗಂಗಾವತಿ ಹುಡುಗ
ಅಕ್ಕಾ, ನಮ್ಮ ಅಗಸಿ ಗಿಡಕ್ಕೂ ಕಟ್ಟೆ ಇದೆ. ಈಚೆಗೆ ಟೈಲ್ಸ್ ಹಾಕಿಸಿದ್ದಾರೆ. ಒಡೆಸಿ ಅಂದರೆ ಊರಲ್ಲಿ ಗಲಾಟೆ ಆಗುತ್ತೆ.

ನರ್ಸರಿ ಅಕ್ಕ (ಲಿಂಗಸುಗೂರು)
ಪೂರ್ತಿ ಒಡೆಯೋದು ಬೇಡಪ್ಪ. ಕಾಂಡದ ಸುತ್ತ ಎರಡು ಅಡಿ ಅಗಲ ಟೈಲ್ಸ್ ಕೀಳಿಸಿ, ಅಷ್ಟು ಜಾಗದ ಮಣ್ಣನ್ನು ಹಳೇ ನೆಲ ಸಿಗುವವರೆಗೆ ಕೈಯಲ್ಲಿ ತೆಗೆಸಿ, ಸಲಿಕೆ ಬೇಡ. ಕಾಂಡದ ಬುಡ ಅಗಲವಾಗಿ ಬೇರಿಗೆ ಇಳಿಯುವ ಜಾಗ ಕಾಣಬೇಕು. ಕಂಬ ನೆಟ್ಟಂತೆ ನೇರವಾಗಿ ಮಣ್ಣಿಗಿಳಿದಿದ್ದರೆ ಬುಡ ಹೂತು ಹೋಗಿದೆ ಅಂತ ಅರ್ಥ. ಕೂರೋಕೆ ಹೊರಗಿನ ಕಟ್ಟೆ ಹಾಗೇ ಇರುತ್ತದೆ, ಹಿರಿಯರು ಒಪ್ಪುತ್ತಾರೆ. ಹೆಸರಿನ ಕಲ್ಲಿಗೆ ಮಾತ್ರ ಕೈ ಹಚ್ಚಬೇಡ, ಅದೇ ದೊಡ್ಡ ಗಲಾಟೆ.

ಬಿಸಿಲೂರು ಬಳ್ಳಾರಿ
ನಗರದಲ್ಲಿ ಹಳೇ ಬೇವು, ಹುಣಸೆ ತೆಗೆದು ರಸ್ತೆ ಅಗಲ ಮಾಡಿ ಡಿವೈಡರ್‌ನಲ್ಲಿ ಕೊನೊಕಾರ್ಪಸ್ ಹಚ್ಚುತ್ತಾರಲ್ಲ, ಅದರ ಬಗ್ಗೆ ಯಾರಾದರೂ ಮಾತಾಡಿ. ವರ್ಷದೊಳಗೆ ಹಸಿರು ಗೋಡೆ ಎದ್ದು ನಿಲ್ಲುತ್ತದೆ, ಫೋಟೋಗೆ ಚೆಂದ. ಬೇರು ಪೈಪಿಗೆ ನುಗ್ಗುತ್ತದೆ, ಪರಾಗ ಹಾರಿ ಕೆಮ್ಮು, ಅಲರ್ಜಿ ಅಂತಾರೆ. ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡಬಾರದು ಅಂತ ಆದೇಶ ಮಾಡಿತು. ನಾವಿನ್ನೂ ಲಾರಿಯಲ್ಲಿ ತರಿಸ್ತಾ ಇದ್ದೀವಿ.

ಸಂಡೂರು ಘಾಟಿ
ನೀವೆಲ್ಲ ಅಗಸಿ ಗಿಡ, ಡಿವೈಡರ್ ಗಿಡದ ಮಾತಾಡ್ತಿದ್ದೀರಿ. ಸಂಡೂರು ಕಡೆ ಕಾಡೇ ಇದೆ, ಬಯಲುಸೀಮೆಯಲ್ಲಿ ಇಷ್ಟು ದಟ್ಟ ಕಾಡು ಸಿಗೋದು ಅಪರೂಪ. ದಿಂಡಿಗ, ಕಗ್ಗಲಿ, ಮುತ್ತುಗ, ಕಕ್ಕೆ, ಶ್ರೀಗಂಧ. ರಾಮನದುರ್ಗದ ಕಡೆ, ಕುಮಾರಸ್ವಾಮಿ ಬೆಟ್ಟದ ಕಡೆ ಮಳೆಗಾಲದಲ್ಲಿ ಬಂದು ನೋಡಿ, ಮಲೆನಾಡಿನವರೂ ನಿಂತು ನೋಡುತ್ತಾರೆ. ಫೆಬ್ರವರಿ ಬಂದರೆ ಎಲ್ಲ ಎಲೆ ಉದುರಿ ಬೋಳು. ಆಗ ಹೊರಗಿನವರು ಬಂದು "ಇಲ್ಲೇನಿದೆ, ಒಣ ಕುರುಚಲು" ಅಂತಾರೆ. ಎಲೆ ಉದುರಿಸೋದೇ ಇಲ್ಲಿನ ಗಿಡಗಳ ಉಪಾಯ. ನೀರಿಲ್ಲದ ಕಾಲಕ್ಕೆ ಎಲೆ ಇಟ್ಟುಕೊಂಡರೆ ನೀರು ಆವಿಯಾಗಿ ಹೋಗುತ್ತದೆ, ಅದಕ್ಕೇ ಬಾಗಿಲು ಹಾಕಿಕೊಂಡು ಕೂರುತ್ತವೆ. ಅದೇ ಬೋಳು ಕಾಲದಲ್ಲಿ ಮುತ್ತುಗ ಹೂ ಬಿಡುತ್ತದೆ.

ಒಣ ಕಾಡು ಅಂದರೆ ಸತ್ತ ಕಾಡು ಅನ್ನೋ ಈ ಲೆಕ್ಕ ಇದೆಯಲ್ಲ, ಅದರಿಂದಲೇ ಗಣಿಗೆ ಕೊಡೋದು ಸುಲಭ ಆಗಿದ್ದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರಲ್ಲಿ ಅಕ್ರಮ ಇಲ್ಲದ ಅಥವಾ ಕಡಿಮೆ ಇದ್ದ ಎ ಮತ್ತು ಬಿ ವರ್ಗದ ಗಣಿಗಳಿಗೆ ಷರತ್ತು ಹಾಕಿ ಬಿಟ್ಟಿತು, ಅಕ್ರಮ ಜಾಸ್ತಿ ಇದ್ದ ಸಿ ವರ್ಗದ್ದನ್ನು ರದ್ದು ಮಾಡಿತು. ಗಣಿ ಮಣ್ಣಿನ ಗುಡ್ಡೆಗಳ ಮೇಲೆ ಗಿಡ ಬೆಳೆಸಬೇಕು ಅಂತ ಆಯಿತು. ಬೆಳೆಸಿದ್ದಾರೆ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಮಣ್ಣೇ ಇಲ್ಲ, ಪುಡಿ ಕಲ್ಲು. ಬೇಗ ಹಸಿರು ಕಾಣಬೇಕು ಅಂತ ಗೊಬ್ಬರದ ಗಿಡ, ಅಕೇಶಿಯ ಇಂಥವು. ದಿಂಡಿಗದ ಕಾಡು ಅಲ್ಲಿ ಮತ್ತೆ ಬರೋಕೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗಲ್ಲ. ಸ್ವಾಮಿಮಲೈ ಅರಣ್ಯದ ದೇವದಾರಿ ಬೆಟ್ಟದಲ್ಲಿ 401 ಹೆಕ್ಟೇರ್ ಗಣಿಗೆ ಕೊಡೋ ವಿಷಯ 2024ರಲ್ಲಿ ದೊಡ್ಡ ಸುದ್ದಿ ಆಯಿತಲ್ಲ, ಅಲ್ಲಿ ಹೋಗಬೇಕಿದ್ದ ಗಿಡಗಳ ಲೆಕ್ಕ 99 ಸಾವಿರದ ಮೇಲೆ. ಅದಕ್ಕೆ ಬದಲಾಗಿ ಬೇರೆಲ್ಲೋ ಬಯಲಲ್ಲಿ ಸಸಿ ನೆಡುತ್ತೇವೆ ಅಂದರೆ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ.

ಗಣಿ ರಸ್ತೆ ಬದಿಯ ಗಿಡಗಳನ್ನು ನೋಡಿ. ಎಲೆ ಎರಡೂ ಬದಿ ಕೆಂಪು. ಬೆರಳಿಂದ ಒರೆಸಿದರೆ ಕುಂಕುಮದಷ್ಟು ನುಣ್ಣಗೆ ಧೂಳು ಬರುತ್ತದೆ, ಕೆಳಗೆ ಹಸಿರು ಕಾಣುತ್ತದೆ. ಎಲೆಯ ಸಣ್ಣ ರಂಧ್ರಗಳೆಲ್ಲ ಮುಚ್ಚಿರುತ್ತವೆ. ಒಳ್ಳೆ ಮಳೆ ಬಂದರೆ ತೊಳೆಯುತ್ತದೆ, ನಾಲ್ಕು ದಿನ ಲಾರಿ ಓಡಿದರೆ ಮತ್ತೆ ಅದೇ. ಇಂಥ ಗಿಡಕ್ಕೆ ರೋಗ ಬಂದರೆ ತಡೆದುಕೊಳ್ಳೋ ಶಕ್ತಿ ಎಲ್ಲಿಂದ ಬರಬೇಕು?

ಗಿಣಿಗೇರಿ ರೈಲು
ನಿಮ್ಮಲ್ಲಿ ಕೆಂಪು, ನಮ್ಮಲ್ಲಿ ಕಪ್ಪು. ಕಾರ್ಖಾನೆ ಸುತ್ತಿನ ಊರುಗಳಲ್ಲಿ ಒಣಗಿಸಿದ ಬಟ್ಟೆಯೂ ಕಪ್ಪು, ಎಲೆಯೂ ಕಪ್ಪು. ಮಾವಿನ ಗಿಡದವರು ಹೂವು ನಿಲ್ಲುತ್ತಿಲ್ಲ ಅಂತಾರೆ. ಇಷ್ಟೇ ಹೇಳೋದು, ಜಾಸ್ತಿ ಬರೆದರೆ ಮನೆಯಲ್ಲಿ ಬೈತಾರೆ.

ಹಳೇ ಮಾಸ್ತರು
ಸಂಡೂರಿನವರು ಬೆಂಕಿ ವಿಷಯ ಬಿಟ್ಟರು. ಅಂಜನಾದ್ರಿ ಕಡೆಯ ಗುಡ್ಡಗಳಿಗೆ ಬೇಸಿಗೆ ಬಂದರೆ ಬೆಂಕಿ ಹಚ್ಚುತ್ತಾರೆ. ಯಾರು ಅಂತ ಕೇಳಿದರೆ ಎಲ್ಲರೂ ಕುರಿಗಾರರ ಕಡೆ ಬೆರಳು ತೋರಿಸ್ತಾರೆ.

ಕುರಿಗಾರ (ಯಲಬುರ್ಗಾ)
ತೋರಿಸಲಿ ಬಿಡಿ ಗುರುಗಳೇ, ಬೆರಳು ತೋರಿಸೋಕೆ ದುಡ್ಡು ಬೇಕಾ. ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಬರ್ತದೆ ಅಂತ ನಂಬಿರೋ ಕೆಲವರು ಇದ್ದಾರೆ, ಸುಳ್ಳು ಹೇಳಲ್ಲ. ಆದರೆ ಮೇ ತಿಂಗಳಲ್ಲಿ ಒಣ ಹುಲ್ಲೇ ನಮ್ಮ ಅನ್ನ, ಅದಕ್ಕೆ ನಾವೇ ಬೆಂಕಿ ಇಡ್ತೀವಾ? ಗುಡ್ಡ ನೋಡೋಕೆ ಬಂದು ಬೀಡಿ ಸಿಗರೇಟು ಎಸೆದು ಹೋಗೋರು ಎಷ್ಟು ಜನ. ಸುಟ್ಟ ಗುಡ್ಡದಲ್ಲಿ ಮೊದಲು ಎದ್ದು ಬರೋದು ಬಂದರಿಕೆ, ಲಂಟಾನ. ಸಣ್ಣ ಸಸಿ ಒಂದೂ ಉಳಿಯಲ್ಲ. ಅದು ನಮಗೂ ನಷ್ಟ.

ಇನ್ನೊಂದು ಮಾತು. ಬಳ್ಳಾರಿ ಜಾಲಿ ಕಂಡರೆ ಎಲ್ಲರೂ ಬೈತೀರಿ. ಬರಗಾಲದಲ್ಲಿ ಆಡು ಕುರಿ ಬದುಕಿದ್ದು ಅದರ ಕಾಯಿ ತಿಂದು. ಒಲೆ ಉರಿದದ್ದು ಅದರ ಕಟ್ಟಿಗೆಯಿಂದ.

ನರ್ಸರಿ ಅಕ್ಕ (ಲಿಂಗಸುಗೂರು)
ಅಣ್ಣ, ನಿಮ್ಮ ಮಾತು ಒಪ್ಪುತ್ತೇನೆ, ಅರ್ಧ ಮಾತ್ರ. ಅದೇ ಕಾಯಿ ತಿಂದ ಆಡಿನ ಹಿಕ್ಕೆಯಲ್ಲಿ ಬೀಜ ಬಿದ್ದು ಕೆರೆ ಅಂಗಳ, ಗೋಮಾಳ ಎಲ್ಲಾ ಜಾಲಿ ಆಯಿತು. ಹೊಟ್ಟೆಯಲ್ಲಿ ಸಿಪ್ಪೆ ಮೆತ್ತಗಾಗಿ ಬರೋದರಿಂದ ಇನ್ನೂ ಚೆನ್ನಾಗಿ ಮೊಳೆಯುತ್ತದೆ. ಅದರ ಕೆಳಗೆ ಹುಲ್ಲು ಸರಿಯಾಗಿ ಬೆಳೆಯಲ್ಲ, ಬೇವಿನ ಸಸಿಯಂತೂ ಏಳೋದೇ ಇಲ್ಲ. 1870ರ ದಶಕದಲ್ಲಿ ಬ್ರಿಟಿಷರು ಬೀಜ ತರಿಸಿ ಹಾಕಿದ್ದು, ಕಟ್ಟಿಗೆ ಸಿಗಲಿ ಅಂತ. ಕಡಿದರೆ ಹತ್ತು ಕೊಂಬೆ ಒಡೆಯುತ್ತದೆ, ಬುಡ ಸಮೇತ ಕೀಳಬೇಕು, ಕಿತ್ತ ಕೂಡಲೇ ಆ ಜಾಗದಲ್ಲಿ ಬೇರೆ ಗಿಡ ಹಚ್ಚಬೇಕು. ಬರೀ ಕಡಿದು ಬಿಟ್ಟರೆ ಮಾರನೇ ವರ್ಷ ಇನ್ನೂ ದಟ್ಟ.

ಕುರಿಗಾರ (ಯಲಬುರ್ಗಾ)
ಕಿತ್ತರೆ ಕಟ್ಟಿಗೆಗೆ ಏನು ಮಾಡೋದು ಅಂತ ಕಿತ್ತೋರು ಹೇಳೋದಿಲ್ಲ. ಇರಲಿ ಅಕ್ಕಾ.

ಮಸಾರಿ ಹೊಲ (ಕುಷ್ಟಗಿ)
ನಡುವೆ ಒಂದು ಸಣ್ಣ ಪ್ರಶ್ನೆ. ನಮ್ಮ ಮಾವಿನ ಗಿಡದಲ್ಲಿ ಬದನಿಕೆ ಬೆಳೆದಿದೆ, ಕೆಂಪು ಉದ್ದ ಹೂವು. ಕೀಳಬೇಕಾ?

ಕೃಷಿ ಓದಿದವ (ರಾಯಚೂರು)
ಕೀಳಿ. ಬರೀ ಎಲೆ ಸವರಿದರೆ ಮತ್ತೆ ಬರುತ್ತದೆ, ಅಂಟಿಕೊಂಡ ಜಾಗದಿಂದ ಒಂದು ಅಡಿ ಕೆಳಗೆ ಕೊಂಬೆಯನ್ನೇ ಕತ್ತರಿಸಬೇಕು. ಹಣ್ಣಾಗುವ ಮುಂಚೆ ಮಾಡಿ. ಹಣ್ಣು ತಿನ್ನುವ ಪುಟ್ಟ ಹಕ್ಕಿ ಅಂಟು ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುತ್ತದೆ, ಅದಕ್ಕೇ ಅದರ ಹೆಸರೂ ಬದನಿಕೆ ಹಕ್ಕಿ.

ಗಂಗಾವತಿ ಹುಡುಗ
ಪಂಚಾಯ್ತಿಯಲ್ಲಿ ಮಾತಾಡಿದೆ. ಏಪ್ರಿಲ್‌ವರೆಗೂ ಬಿಡೋಣ ಅಂತ ಒಪ್ಪಿದರು, ಚಾಕು ತಗೊಂಡು ಹಸಿರು ತೋರಿಸಿದ ಮೇಲೆ. ರಸ್ತೆ ಕಡೆ ಬಾಗಿದ ಒಂದು ಒಣ ಕೊಂಬೆ ಮಾತ್ರ ತೆಗೆಸುತ್ತಾರೆ. ಡ್ರಿಲ್ಲಿನವನು ಪಕ್ಕದ ಊರಿಗೆ ಹೋದ. ಈಗ ಹುಡುಗರೆಲ್ಲ ಸೇರಿ ಹೊಸ ಗಿಡ ಹಚ್ಚೋಣ ಅಂತಿದ್ದಾರೆ. ಶಾಲೆ ಹಿಂದಿನ ಮಸಾರಿ (ಕೆಂಪು ಮಣ್ಣಿನ) ಗುಡ್ಡದ ಬುಡ, ನೀರಿನ ಅನುಕೂಲ ಅಷ್ಟಕ್ಕಷ್ಟೇ. ಗುಲ್‌ಮೊಹರ್ ಕೊಡ್ತೀವಿ ಅಂತ ಯಾರೋ ದಾನಿಗಳು ಹೇಳಿದ್ದಾರೆ.

ನರ್ಸರಿ ಅಕ್ಕ (ಲಿಂಗಸುಗೂರು)
ಗುಲ್‌ಮೊಹರ್ ಬೇಡ. ಬೇರು ಮೇಲೇ ಇರುತ್ತದೆ, ಕೊಂಬೆ ಗಾಳಿಗೆ ಮುರಿಯುತ್ತದೆ, ಶಾಲೆ ಪಕ್ಕ ಅಂತೂ ಬೇಡವೇ ಬೇಡ. ಒಂದೇ ಜಾತಿ ಸಾಲಾಗಿ ಹಚ್ಚುವುದೂ ಬೇಡ, ಬೇವಿಗೆ ಬಂದ ಗತಿ ನೋಡಿದಿರಲ್ಲ, ಒಂದಕ್ಕೆ ರೋಗ ಬಂದರೆ ಸಾಲಿಗೆ ಸಾಲು ಹೋಗುತ್ತದೆ. ಮಸಾರಿ ಗುಡ್ಡದ ಬುಡಕ್ಕೆ ಕಮರ, ಕಗ್ಗಲಿ, ಮುತ್ತುಗ, ಸೀತಾಫಲ, ಬಾರಿ (ಎಲಚಿ), ಕಕ್ಕೆ. ಬೇವೂ ಇರಲಿ, ಅಲ್ಲೊಂದು ಇಲ್ಲೊಂದು. ಇಳಿಜಾರಿಗೆ ಅಡ್ಡಲಾಗಿ ಸಣ್ಣ ಕಂದಕ ತೋಡಿ, ಹರಿಯುವ ನೀರು ಅಲ್ಲೇ ನಿಲ್ಲಲಿ, ಗುಂಡಿಗೆ ಕೆರೆ ಹೂಳು ಎರಡು ಪುಟ್ಟಿ ಹಾಕಿ. ಎತ್ತರದ ಸಸಿಗೆ ಆಸೆ ಪಡಬೇಡಿ. ಆರಡಿ ಸಸಿ ಸಣ್ಣ ಪಾಕೀಟಿನಲ್ಲಿದ್ದರೆ ಒಳಗೆ ಬೇರು ಸುತ್ತಿಕೊಂಡಿರುತ್ತದೆ, ನೆಟ್ಟ ಮೇಲೂ ಸುತ್ತಿಕೊಂಡೇ ಇರುತ್ತದೆ. ಮೊಣಕಾಲೆತ್ತರದ ಸಸಿ ಸಾಕು. ಸುತ್ತ ಜಾಲಿ ಮುಳ್ಳು ಕಟ್ಟಿ, ಅದಕ್ಕಾದರೂ ಜಾಲಿ ಉಪಯೋಗಕ್ಕೆ ಬರಲಿ (ಕುರಿಗಾರಣ್ಣ ಬೈಕೋಬೇಡಿ). ಎರಡು ಬೇಸಿಗೆ ನೀರು ಕೊಟ್ಟರೆ ಆಮೇಲೆ ಅದರ ಪಾಡಿಗೆ ಅದು.

ಸಂಡೂರು ಘಾಟಿ
ಕಮರಕ್ಕೆ ನನ್ನದೊಂದು ವೋಟು. ಒಣ ಗುಡ್ಡದಲ್ಲಿ, ಬಂಡೆ ಸಂದಿಯಲ್ಲಿ ಬೇರು ಇಳಿಸೋದರಲ್ಲಿ ಅದನ್ನು ಮೀರಿಸೋ ಗಿಡ ಇಲ್ಲ.

ಗಂಗಾವತಿ ಹುಡುಗ
ಕಮರದ ಸಸಿ ಇಲ್ಲಿ ಯಾವ ನರ್ಸರಿಯಲ್ಲೂ ಸಿಗಲಿಲ್ಲ. ಬೀಜ ಹಾಕಬಹುದಾ?

ನರ್ಸರಿ ಅಕ್ಕ (ಲಿಂಗಸುಗೂರು)
ಬೀಜವೇ ಒಳ್ಳೇದು. ತಾಯಿ ಬೇರು ಬಹಳ ಬೇಗ ಆಳಕ್ಕೆ ಇಳಿಯುತ್ತದೆ, ಪಾಕೀಟಿನಲ್ಲಿ ಅದಕ್ಕೆ ಜಾಗ ಸಾಲಲ್ಲ. ಏಪ್ರಿಲ್, ಮೇನಲ್ಲಿ ಕಾಯಿ ಬಲಿಯುತ್ತದೆ. ಚಪ್ಪಟೆ, ತೆಳ್ಳಗೆ, ತುದಿಯಲ್ಲಿ ಒಂದೇ ಬೀಜ. ಎಲ್ಲ ವರ್ಷವೂ ಹಿಡಿಯಲ್ಲ, ಹಿಡಿದ ವರ್ಷ ಆರಿಸಿಕೊಳ್ಳಬೇಕು. ಅದೇ ಮುಂಗಾರಿಗೆ ಒಂದೊಂದು ಗುಂಡಿಗೆ ಮೂರು ನಾಲ್ಕು ಬೀಜ ಹಾಕಿ.

ಇನ್ನೊಂದು, ಹುಡುಗರಿಗೆ ಮುಂಚೆಯೇ ಹೇಳಿಡಿ. ಮೊದಲ ಕೆಲವು ವರ್ಷ ಕಮರದ ಸಸಿ ಬೇಸಿಗೆಯಲ್ಲಿ ಮೇಲೆ ಪೂರ್ತಿ ಒಣಗುತ್ತದೆ. ಬರೀ ಕಡ್ಡಿ, ಅದೂ ಕೆಲವೊಮ್ಮೆ ಇರಲ್ಲ. ಕೆಳಗೆ ಬೇರು ಇಳಿಯುತ್ತಲೇ ಇರುತ್ತದೆ, ಮಳೆ ಬಿದ್ದರೆ ಮತ್ತೆ ಏಳುತ್ತದೆ. ಸತ್ತಿದೆ ಅಂತ ಆ ಗುಂಡಿಯಲ್ಲಿ ಬೇರೆ ಗಿಡ ನೆಡೋಕೆ ಹೋಗಬೇಡಿ. ಗುಂಡಿ ಪಕ್ಕ ಒಂದು ಕಲ್ಲು ನೆಟ್ಟು ಗುರುತು ಇಡಿ.

ಗಂಗಾವತಿ ಹುಡುಗ
ಸರಿ ಅಕ್ಕಾ. ಬೀಜ ಎಲ್ಲಿ ಸಿಗಬಹುದು?

ಮಸಾರಿ ಹೊಲ (ಕುಷ್ಟಗಿ)
ನಮ್ಮ ಹೊಲದ ಮೇಲ್ಗಡೆ ಹಳೇ ಕಮರ ಎರಡಿವೆ. ಹೂ ಬಿಟ್ಟಿದ್ದು ನೋಡಿದ್ದೀನಿ, ಈ ಸಲ ಹಿಡಿಯಬಹುದು. ಏಪ್ರಿಲ್ ಕೊನೆಗೆ ಇಲ್ಲೇ ಒಂದು ಮೆಸೇಜ್ ಹಾಕು, ಕಾಯಿ ಬಲಿತಿದೆಯಾ ನೋಡಿ ಹೇಳ್ತೀನಿ. ಬರೋದಾದರೆ ಚೀಲ ತಗೊಂಡು ಗಾಳಿ ಏಳೋ ಮುಂಚೆ ಬಾ, ತಡ ಮಾಡಿದರೆ ಕಾಯಿ ಎಲ್ಲಾ ಹಾರಿ ಪಕ್ಕದವರ ಹೊಲದಲ್ಲಿರುತ್ತವೆ, ಅವರ ಜೊತೆ ನಮಗೆ ಮಾತಿಲ್ಲ.